ಬಾಳಕದ ಮೆಣಸು, ಬಿಸಿಲಿನ ಲೆಕ್ಕ

2023ರ ಡಿಸೆಂಬರ್ ಮೊದಲ ವಾರ. ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ತೊಯ್ಸಿ ತೊಪ್ಪೆ ಮಾಡಿ ಆಂಧ್ರದ ಕಡೆ ಹೊರಟುಹೋಗಿತ್ತು. ಚೆನ್ನೈನ ಪೆರಂಬೂರಿನಲ್ಲಿ ಅಣ್ಣನ ಮನೆಯ ಬೀದಿಯಲ್ಲಿ ಮೊಣಕಾಲುದ್ದ ನೀರು. ನೀರು ನಿಂತ ಕಡೆ ಕರೆಂಟು ಹರಿಯಬಿಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಊರಿನ ಎಷ್ಟೋ ಬೀದಿಗಳಲ್ಲಿ ವಿದ್ಯುತ್ ನಿಲ್ಲಿಸಿದ್ದರು. ಮಳೆ ಬಿಟ್ಟ ಮೇಲೆ ಒಂದು ಬೆಳಗ್ಗೆ, ಏನೂ ಆಗಿಯೇ ಇಲ್ಲವೇನೋ ಎಂಬಂತೆ ಬಿಸಿಲು ಬಂತು.

ಅಣ್ಣನ ಮಗಳು ಪುಟ್ಟಿ ಆಗ ಮೂರನೇ ಕ್ಲಾಸು. ಕಿಟಕಿಯಲ್ಲಿ ನಿಂತು ಅವಳು ನೋಡಿದ್ದನ್ನು ಆಮೇಲೆ ನನ್ನ ಮುಂದೆ ಒಂದು ಪ್ರಶ್ನೆ ಮಾಡಿ ಇಟ್ಟಳು.

"ಚಿಕ್ಕಪ್ಪ, ಎದುರು ಮನೆ ತಾರಸಿ ಮೇಲೆ ಹನ್ನೆರಡು ಸೋಲಾರ್ ಪ್ಲೇಟ್ ಇದೆ, ಎಣಿಸಿದ್ದೀನಿ. ಬಿಸಿಲೂ ಚೆನ್ನಾಗಿತ್ತು. ಆದ್ರೂ ಅವರ ಮನೇಲೂ ಫ್ಯಾನ್ ತಿರುಗಲಿಲ್ಲ. ಯಾಕೆ?"

ದೊಡ್ಡವರಲ್ಲಿ ಎಷ್ಟೋ ಜನರಿಗೆ ಈ ಪ್ರಶ್ನೆ ಹೊಳೆದಿರುವುದಿಲ್ಲ. ಉತ್ತರ ಹೇಳುತ್ತೇನೆ, ಕೇಳಿ.

ಸೌರಫಲಕದಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು, ಡಿಸಿ. ಬೀದಿಯ ಕಂಬದಿಂದ ಬರುವುದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುವ ವಿದ್ಯುತ್ತು, ಎಸಿ. ಇವೆರಡರ ನಡುವೆ ಗೋಡೆಯ ಮೇಲೆ ಕೂತಿರುವ ಪೆಟ್ಟಿಗೆಯೇ ಇನ್ವರ್ಟರ್. ಬ್ಯಾಟರಿ ಇಲ್ಲದೆ ನೇರ ಬೀದಿಯ ತಂತಿಗೆ ಸೇರಿಸಿದ ಇನ್ವರ್ಟರು ಭಜನೆಯಲ್ಲಿ ತಾಳ ಹಾಕುವವನ ಹಾಗೆ. ಮುಖ್ಯ ಹಾಡುಗಾರನ ಲಯ ಹಿಡಿದೇ ತಟ್ಟಬೇಕು. ತಂತಿಯಲ್ಲಿ ಹಾಡು ನಿಂತರೆ ಇದೂ ಎರಡು ಸೆಕೆಂಡಿನೊಳಗೆ ಕೈ ಕಟ್ಟಿ ಕೂರುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಏಕೆಂದರೆ ಅದೇ ಹೊತ್ತಿಗೆ ಲೈನ್‌ಮನ್ ಒಬ್ಬರು "ಕರೆಂಟಿಲ್ಲ" ಎಂದು ನಂಬಿ ಕಂಬ ಹತ್ತಿ ತಂತಿ ಮುಟ್ಟಿರಬಹುದು. ನಮ್ಮ ತಾರಸಿಯ ವಿದ್ಯುತ್ತು ಸದ್ದಿಲ್ಲದೆ ಹಿಂದಿನಿಂದ ಹೋಗಿ ಅವರನ್ನು ಹೊಡೆಯಬಾರದಲ್ಲ!

"ಹಾಗಾದ್ರೆ ಬೀದಿ ತಂತಿ ಬಿಡಿಸಿಬಿಟ್ಟು, ನಮ್ಮ ನಮ್ಮಲ್ಲೇ ಹಂಚಿಕೊಂಡಿದ್ರೆ?" ಎಂದಳು ಪುಟ್ಟಿ.

ಅವಳಿಗೆ ಗೊತ್ತಿಲ್ಲದೆಯೇ ಅವಳು ಹೇಳಿದ್ದು ಮೈಕ್ರೋಗ್ರಿಡ್. ಕನ್ನಡದಲ್ಲಿ ಕಿರುಜಾಲ ಅನ್ನೋಣ. ಕೆಲವು ಮನೆ, ಒಂದಷ್ಟು ಫಲಕ, ಒಂದು ಬ್ಯಾಟರಿ, ದೊಡ್ಡ ಜಾಲದಿಂದ ಕೊಂಡಿ ಕಳಚಿಕೊಳ್ಳಲು ಒಂದು ಸ್ವಿಚ್ಚು. ಕೊಂಡಿ ಕಳಚಿ ತನ್ನ ಪಾಡಿಗೆ ನಡೆಯುವ ಸ್ಥಿತಿಗೆ ಎಂಜಿನಿಯರುಗಳು ದ್ವೀಪ ಎಂದೇ ಹೆಸರಿಟ್ಟಿದ್ದಾರೆ. ಮಿಚಾಂಗ್ ದಿನಗಳಲ್ಲಿ ಆ ಬೀದಿ ನಿಜವಾಗಿಯೂ ದ್ವೀಪವಾಗಿತ್ತು, ಕರೆಂಟು ಮಾತ್ರ ಇರಲಿಲ್ಲ.

ಪೆರಂಬೂರಿನವರಿಗೆ ಕಿರುಜಾಲ ಹೊಸದೇನಲ್ಲ. 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಇರುವುದು ಅಲ್ಲೇ. ಎಲ್ಲರೂ ಐಸಿಎಫ್ ಅನ್ನುತ್ತಾರೆ. ಅಣ್ಣ ಅಲ್ಲಿ ಬೋಗಿಗಳ ವೈರಿಂಗ್ ಮಾಡುತ್ತಾ ತಲೆ ಹಣ್ಣು ಮಾಡಿಕೊಂಡವನು. ಹಳೆಯ ನೀಲಿ ಬೋಗಿಗಳಿಗೆ ದೀಪ, ಫ್ಯಾನಿನ ಕರೆಂಟು ಎಲ್ಲಿಂದ ಬರುತ್ತಿತ್ತು ಗೊತ್ತೇ? ಎಂಜಿನ್ನಿನಿಂದ ಅಲ್ಲ! ಪ್ರತಿ ಬೋಗಿಯೂ ತನ್ನ ಕರೆಂಟು ತಾನೇ ಮಾಡಿಕೊಳ್ಳುತ್ತಿತ್ತು. ಚಕ್ರದ ಅಚ್ಚಿನಿಂದ ಒಂದು ಬೆಲ್ಟು. ಆ ಬೆಲ್ಟು ಬೋಗಿಯ ಹೊಟ್ಟೆಯ ಕೆಳಗಿನ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಹವಾನಿಯಂತ್ರಣ ಇಲ್ಲದ ಬೋಗಿಯಲ್ಲಿ ಅದು 4.5 ಕಿಲೋವಾಟಿನದು. ರೈಲು ಓಡುವಾಗ ದೀಪ, ಫ್ಯಾನು ನಡೆಸಿ, ಮಿಕ್ಕಿದ್ದನ್ನು 110 ವೋಲ್ಟಿನ ಬ್ಯಾಟರಿಗೆ ತುಂಬುತ್ತದೆ. ಸ್ಟೇಷನ್ನಿನಲ್ಲಿ ನಿಂತಾಗ ಬ್ಯಾಟರಿಯೇ ಗತಿ. ಬ್ಯಾಟರಿ 120 ಆಂಪಿಯರ್-ಅವರ್‌ನದು. 110ನ್ನು 120ರಿಂದ ಗುಣಿಸಿ: 13,200 ವಾಟ್-ಅವರ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 13 ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ. ರೈಲು ಹಳಿಯ ಮೇಲೆ ಗಂಟೆಗಟ್ಟಲೆ ನಿಂತರೆ ಫ್ಯಾನು ಸುಸ್ತಾಗಿ, ದೀಪ ಮಂಕಾಗುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ನೆನಪಿಸಿಕೊಂಡಾರು, ಕೇಳಿ ನೋಡಿ. ಆ ಮಾದರಿಯ ಬೋಗಿ ಕಟ್ಟುವುದನ್ನು ಐಸಿಎಫ್ 2018ರಲ್ಲಿ ನಿಲ್ಲಿಸಿತು.

ಅದರ ಹಿಂದಿನ ವರ್ಷ ಇನ್ನೊಂದು ಮಜಾ ನಡೆದಿತ್ತು. 2017ರ ಜುಲೈನಲ್ಲಿ ದೆಹಲಿಯಲ್ಲಿ ಚಾವಣಿಯ ಮೇಲೆ ಸೌರಫಲಕ ಹೊತ್ತ ರೈಲೊಂದು ಹೊರಟಿತು. ಬೋಗಿಗಳು ಐಸಿಎಫ್‌ನಲ್ಲಿ ತಯಾರಾದವು. ಒಂದೊಂದು ಬೋಗಿಗೂ 16 ಫಲಕ, ಒಂದೊಂದು ಫಲಕ 300 ವಾಟಿನದು. ಗುಣಿಸಿದರೆ 4.8 ಕಿಲೋವಾಟ್. ಹಳೆಯ ಬೆಲ್ಟಿನ ಆಲ್ಟರ್ನೇಟರಿನ ಪ್ರಮಾಣಕ್ಕೆ ಎಷ್ಟು ಹತ್ತಿರ ನೋಡಿ! ರೈಲನ್ನು ಎಳೆದದ್ದು ಡೀಸೆಲ್ಲೇ. ದೀಪ, ಫ್ಯಾನು ಮಾತ್ರ ಸೂರ್ಯನ ಪಾಲು.

ಅಣ್ಣನ ಭಾಷೆಯಲ್ಲಿ ಇದೆಲ್ಲ "ಟ್ರೈನ್ ಲೈಟಿಂಗ್". ಮೈಕ್ರೋಗ್ರಿಡ್ ಅಂದರೆ ಅವನಿಗೆ ನಗು. "ನಾವು ಅದನ್ನು ಚಕ್ರದ ಮೇಲಿಟ್ಟು ಊರೂರು ತಿರುಗಿಸಿದ್ದೀವಿ ಕಣೋ" ಅನ್ನುತ್ತಾನೆ.

ಬೋಗಿಯ ಜಾಲ ಸುಲಭದ್ದು. ಎಷ್ಟು ಫ್ಯಾನು, ಎಷ್ಟು ದೀಪ ಎಂಬುದು ಕಾರ್ಖಾನೆಯಲ್ಲೇ ಗೊತ್ತು. ಪ್ರಯಾಣಿಕರು ಗ್ರೈಂಡರ್ ತಂದು ಹಿಟ್ಟು ರುಬ್ಬುವುದಿಲ್ಲ. ಊರಿನ ಜಾಲ ಹಾಗಲ್ಲ.

ವಿದ್ಯುತ್ತಿಗೆ ಒಂದು ವಿಚಿತ್ರ ಹಟವಿದೆ. ಈ ಕ್ಷಣ ಎಷ್ಟು ಬಳಕೆಯೋ ಅಷ್ಟೇ ತಯಾರಾಗಬೇಕು, ಈ ಕ್ಷಣವೇ. ಬಳಕೆ ಹೆಚ್ಚಿದರೆ ಜಾಲ ತಿಣುಕುತ್ತದೆ, ಗ್ರೈಂಡರಿಗೆ ಉದ್ದಿನಬೇಳೆ ಜಾಸ್ತಿ ಸುರಿದ ಹಾಗೆ. ದೊಡ್ಡ ಜಾಲದಲ್ಲಿ ನೀವು ಒಂದು ಮಿಕ್ಸಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ನಿಮ್ಮ ಹಾಗೆ ಕೋಟಿ ಮನೆ ಇವೆ, ಒಬ್ಬರು ಹಾಕಿದಾಗ ಇನ್ನೊಬ್ಬರು ಆರಿಸಿರುತ್ತಾರೆ. (ದೊಡ್ಡದೂ ಒಮ್ಮೊಮ್ಮೆ ಮುಗ್ಗರಿಸುತ್ತದೆ ಅನ್ನಿ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತ ಒಟ್ಟೊಟ್ಟಿಗೆ ಕತ್ತಲಾಯಿತು.) ಮೂವತ್ತು ಮನೆಯ ಕಿರುಜಾಲದಲ್ಲಿ ನಾಲ್ಕು ಮಿಕ್ಸಿ ಒಟ್ಟಿಗೆ ತಿರುಗಿದರೆ ಅದೇ ದೊಡ್ಡ ಘಟನೆ. ಒಂದು ಮೋಡ ಸೂರ್ಯನಿಗೆ ಅಡ್ಡ ಬಂದರೆ ಅದೂ ಘಟನೆಯೇ.

ಇಂಥ ಜಾಲ ಯಾರಿಗೆ ಬೇಕು? 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದವರು ನಾವು. ಆದರೆ ಗಣಿಗೆ ಎಳೆದ ಹಾಗೆ ಕಾಡಿನೊಳಗಿನ ಹತ್ತು ಮನೆಗೋ ನದಿ ನಡುವಿನ ದ್ವೀಪಕ್ಕೋ ಎಳೆಯುವುದು ಕಷ್ಟ, ದುಬಾರಿ. ಬಂಗಾಳದ ಸಾಗರ ದ್ವೀಪದಲ್ಲಿ 1996ರಲ್ಲೇ ಸೌರ ಕಿರುಜಾಲ ಬಂತು. ಚೆನ್ನೈನ ಐಐಟಿ ಮದ್ರಾಸಿನಲ್ಲಿ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ 48 ವೋಲ್ಟಿನ ಡಿಸಿ ವ್ಯವಸ್ಥೆ ರೂಪಿಸಿತು. ರಾಜಸ್ಥಾನದ ಮರುಭೂಮಿಯ ಅಂಚಿನ ಸಾವಿರಾರು ಮನೆಗಳಲ್ಲಿ ಅದರಿಂದ ದೀಪ ಉರಿಯಿತು. ಫಲಕ ಕೊಡುವುದು ಡಿಸಿ, ಬ್ಯಾಟರಿ ತುಂಬಿಕೊಳ್ಳುವುದು ಡಿಸಿ, ಎಲ್‌ಇಡಿ ಉರಿಯುವುದು ಡಿಸಿಯಲ್ಲಿ. ಮಧ್ಯೆ ಎಸಿ ಮಾಡಿ ಮತ್ತೆ ಡಿಸಿ ಮಾಡುತ್ತಾ ದಾರಿಯಲ್ಲಿ ಚೆಲ್ಲಿಕೊಳ್ಳುವುದೇಕೆ ಎಂಬುದು ಅವರ ವಾದ. ರೈಲು ಬೋಗಿಯ ಬ್ಯಾಟರಿ, ದೀಪ, ಫ್ಯಾನುಗಳೂ ಡಿಸಿಯಲ್ಲೇ ನಡೆಯುತ್ತಿದ್ದವಲ್ಲ!

ಈಗ ಅಂಥ ಒಂದು ಊರನ್ನು ಕಲ್ಪಿಸಿಕೊಳ್ಳಿ. ಸಂಜೆ ನಾಲ್ಕು ಗಂಟೆ. ಬ್ಯಾಟರಿ ಅರ್ಧಕ್ಕಿಂತ ಸ್ವಲ್ಪ ಮೇಲಿದೆ. ಹಿಟ್ಟಿನ ಗಿರಣಿಯವರು "ಒಂದು ಗಂಟೆ ಓಡಿಸಲಾ?" ಎಂದು ಕೇಳುತ್ತಾರೆ. ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಮಕ್ಕಳ ಲಸಿಕೆಗಳಿವೆ. ಅವು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಏಳು ಗಂಟೆಗೆ ಎಲ್ಲರ ಮನೆಯ ದೀಪ ಹೊತ್ತುತ್ತವೆ. ಗಿರಣಿ ಓಡಿಸಬಹುದೇ? ನಾಳೆ ಬೆಳಗ್ಗೆ ಚೆನ್ನಾಗಿ ಬಿಸಿಲು ಬರುವುದಾದರೆ ಧಾರಾಳವಾಗಿ. ಮೋಡ ಕವಿಯುವುದಾದರೆ ಬೇಡ. ಸೀಸದ ಬ್ಯಾಟರಿಯನ್ನು ಮೇಲಿಂದ ಮೇಲೆ ತಳ ಕಾಣುವಷ್ಟು ಬರಿದು ಮಾಡಿದರೆ ಅದು ಬೇಗ ಸಾಯುತ್ತದೆ, ಹೊಸದು ಕೊಳ್ಳಲು ಊರಿಗೆ ದುಡ್ಡಿರುವುದಿಲ್ಲ. ಅಂದಮೇಲೆ ಇಡೀ ಪ್ರಶ್ನೆ ಒಂದಕ್ಕೇ ಬಂದು ನಿಲ್ಲುತ್ತದೆ: ನಾಳೆ ಬಿಸಿಲು ಹೇಗೆ?

ಈ ಪ್ರಶ್ನೆಯನ್ನು ಅರವತ್ತು ವರ್ಷದಿಂದ ಕೇಳಿಕೊಳ್ಳುತ್ತಾ ಬಂದ ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ಪುಟ್ಟಿಯ ಅಜ್ಜಿ, ನನ್ನ ಅಮ್ಮ.

ಅಜ್ಜಿಯ ಚಿಂತೆ ಬ್ಯಾಟರಿಯದಲ್ಲ, ಬಾಳಕದ ಮೆಣಸಿನದು. ಹಸಿಮೆಣಸು ಸೀಳಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರವಿ, ಸಂಜೆ ಮತ್ತೆ ಮಜ್ಜಿಗೆಗೆ ಹಾಕಿ, ಹೀಗೆ ನಾಲ್ಕೈದು ದಿನ. ಒಂದು ದಿನ ಬಿಸಿಲು ಕೈಕೊಟ್ಟರೆ ಬೂಷ್ಟು. ಪೆರಂಬೂರಿನಲ್ಲಿ ಪಕ್ಕದ ಮನೆಯ ಅಕ್ಕನೂ ಇದನ್ನೇ ಮಾಡಿ ಮೋರ್ ಮಿಳಗಾಯ್ ಅನ್ನುತ್ತಾರೆ. ಅಜ್ಜಿ ತಾರಸಿಗೆ ಬಂದು ಆಕಾಶ ನೋಡಿ, ಮೂಗಿಗೆ ಗಾಳಿ ತಗುಲಿಸಿಕೊಂಡು, "ಇವತ್ತು ಹರವಬಹುದು" ಅನ್ನುತ್ತಾರೆ. ಹೇಗೆ ಗೊತ್ತು ಎಂದರೆ ಉತ್ತರವಿಲ್ಲ. "ಗೊತ್ತಾಗ್ತದೆ, ಅಷ್ಟೆ."

ಹಾಗೆ ಗೊತ್ತಾಗುವುದು ಯಂತ್ರಕ್ಕೆ ಸಾಧ್ಯವೇ? ಕಳೆದ ಜುಲೈನಲ್ಲಿ ಪುಟ್ಟಿ ಮತ್ತು ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಆಟ ಶುರು ಮಾಡಿದೆವು. ನೀವೂ ಆಡಬಹುದು.

ಮಧ್ಯಾಹ್ನ ಎರಡಕ್ಕೆ ಮೂರು ಗುರುತು ನೋಡುವುದು. ಪಡುವಣದಲ್ಲಿ ಮೋಡ ಇದೆಯೇ? ಗಾಳಿ ನಿಂತು ಸೆಕೆ ಹೊಡೆಯುತ್ತಿದೆಯೇ? ಇರುವೆ ಸಾಲು ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿದೆಯೇ? ಯಾವುದು ಮುಖ್ಯ ಎಂದು ನಮಗೆ ತಿಳಿಯದು, ಆದ್ದರಿಂದ ಮೂರಕ್ಕೂ ತಲಾ 5 ಅಂಕ. ಕಂಡ ಗುರುತುಗಳ ಅಂಕ ಕೂಡಿದಾಗ 8 ದಾಟಿದರೆ "ಇವತ್ತು ಮಳೆ" ಎಂದು ಬರೆಯುವುದು. ಸಂಜೆ ನಿಜವೇನೆಂದು ನೋಡುವುದು. ಸರಿಯಾಗಿದ್ದರೆ ಏನೂ ಬದಲಿಸುವಂತಿಲ್ಲ. ಸುಮ್ಮನೆ ಹೆದರಿಸಿದ್ದರೆ ಅವತ್ತು ಕಂಡ ಗುರುತುಗಳಿಂದ ಒಂದೊಂದು ಅಂಕ ಕಡಿತ. ಮಳೆ ಬಂದೂ ನಾವು ಹೇಳದೇ ಹೋಗಿದ್ದರೆ ಒಂದೊಂದು ಹೆಚ್ಚಳ.

ಮೊದಲ ದಿನ ಗಾಳಿ ನಿಂತಿತ್ತು, ಇರುವೆ ಹೊರಟಿದ್ದವು. 5+5=10. "ಮಳೆ" ಎಂದು ಬರೆದೆವು. ಹನಿ ಬೀಳಲಿಲ್ಲ. ಗಾಳಿ 4, ಇರುವೆ 4. ಎರಡನೇ ದಿನ ಮೋಡ ಮತ್ತು ನಿಂತ ಗಾಳಿ: 9. ಮಳೆ ಎಂದೆವು, ಬಂತು. ಮೂರನೇ ದಿನ ಪಡುವಣದಲ್ಲಿ ಮೋಡ ಮಾತ್ರ. 5 ತಾನೆ, ಮಳೆಯಿಲ್ಲ ಎಂದು ಬರೆದೆವು. ಸಂಜೆ ಐದಕ್ಕೆ ಗುಡುಗು ಸಮೇತ ಸುರಿಯಿತು. ಮೋಡ 6. ನಾಲ್ಕನೇ ದಿನ ಮತ್ತೆ ಗಾಳಿ, ಇರುವೆ. 4+4=8, ದಾಟಲಿಲ್ಲ. ಮಳೆಯಿಲ್ಲ ಎಂದೆವು, ಬರಲೂ ಇಲ್ಲ. ಪುಟ್ಟಿ ಕುಣಿದಳು: "ಪುಸ್ತಕ ಕಲೀತಾ ಇದೆ!"

ತಿಂಗಳ ಕೊನೆಗೆ ಮೋಡ 9, ಗಾಳಿ 4, ಇರುವೆ 2. ಪಾಪ, ಇರುವೆಗಳ ಬೆಲೆ ಇಳಿದುಹೋಯಿತು. ಬೇಸಿಗೆಯ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಚೆನ್ನೈನ ಸಂಜೆಯ ಗುಡುಗುಮಳೆ ಹೆಚ್ಚಾಗಿ ಪಡುವಣದಿಂದ ಬರುತ್ತದೆ. ಅದನ್ನು ಯಾರೂ ನೋಟ್‌ಬುಕ್ಕಿಗೆ ಹೇಳಿಕೊಟ್ಟಿರಲಿಲ್ಲ. ತಪ್ಪು ಮಾಡಿ ಮಾಡಿ ಅದೇ ಕಂಡುಕೊಂಡಿತು.

ಈ ಆಟ ನನ್ನ ಕಲ್ಪನೆಯಲ್ಲ. 1958ರಲ್ಲಿ ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್ ಎಂಬವರು ಇಂಥದೇ ತಪ್ಪು-ತಿದ್ದು ಲೆಕ್ಕವನ್ನು ಕೋಣೆಯಷ್ಟು ದೊಡ್ಡ ಕಂಪ್ಯೂಟರಿನಲ್ಲಿ ನಡೆಸಿ ತೋರಿಸಿದರು. ಗುರುತು ಎಡಕ್ಕಿರುವ ಕಾರ್ಡು ಯಾವುದು, ಬಲಕ್ಕಿರುವುದು ಯಾವುದು ಎಂದು ಅದು ಸುಮಾರು ಐವತ್ತು ಸಲದಲ್ಲಿ ಕಲಿಯಿತು. ಅವರು ಅದಕ್ಕೆ ಪರ್ಸೆಪ್ಟ್ರಾನ್ ಎಂದು ಹೆಸರಿಟ್ಟರು. ಇವತ್ತು ನಾವು ಕೃತಕ ಬುದ್ಧಿಮತ್ತೆ, ಎಐ ಎಂದೆಲ್ಲ ಕೂಗುವ ಯಂತ್ರಗಳ ಮುತ್ತಜ್ಜಿ ಅದು. ನಮ್ಮಲ್ಲಿ ಮೂರು ಅಂಕ ಇದ್ದ ಕಡೆ ಅವುಗಳಲ್ಲಿ ಸಾವಿರ, ಲಕ್ಷ, ಕೋಟಿ ಅಂಕಗಳಿರುತ್ತವೆ. ಕೂಡುವ ರೀತಿಯೂ ಬಹಳ ಜಟಿಲ. ಆದರೂ ಊಹಿಸು, ತಪ್ಪನ್ನು ನೋಡು, ಸ್ವಲ್ಪ ಸರಿಸು ಎಂಬ ಒಗ್ಗರಣೆ ಅದೇ.

ಕಿರುಜಾಲದ ಯಂತ್ರ ಇರುವೆ ನೋಡುವುದಿಲ್ಲ. ಉಪಗ್ರಹದ ಮೋಡದ ಚಿತ್ರ, ನಿನ್ನೆ ಮೊನ್ನೆ ಇದೇ ಹೊತ್ತಿಗೆ ಫಲಕ ಕೊಟ್ಟ ವಿದ್ಯುತ್ತು, ಇವತ್ತು ಯಾವ ವಾರ, ಸಂಜೆ ಏಳಕ್ಕೆ ಊರು ಎಷ್ಟು ಬಳಸುತ್ತದೆ ಎಂಬ ಹಳೆಯ ಲೆಕ್ಕ, ಇವು ಅದರ ಗುರುತುಗಳು. ನಮ್ಮ ದೇಶದ ವಿದ್ಯುತ್ ಜಾಲದವರು ದಿನವನ್ನು 15 ನಿಮಿಷದ 96 ತುಂಡು ಮಾಡಿ ಲೆಕ್ಕ ಹಾಕುತ್ತಾರೆ. ಕಿರುಜಾಲದ ಯಂತ್ರವೂ ಹೀಗೇ ತುಂಡು ತುಂಡಾಗಿ ಊಹಿಸಿ, ಗಿರಣಿಗೆ "ಬೆಳಗ್ಗೆ ಹನ್ನೊಂದಕ್ಕೆ ಬನ್ನಿ, ಆಗ ಬ್ಯಾಟರಿ ತುಂಬಿ ಬಿಸಿಲು ಸುಮ್ಮನೆ ಪೋಲಾಗುತ್ತಿರುತ್ತದೆ" ಎನ್ನಬಹುದು. ಒಂದು ಫಲಕದ ಲೆಕ್ಕ ಮಾತ್ರ ದಿನದಿನಕ್ಕೆ ಇಳಿಯುತ್ತಿದ್ದರೆ "ಅದರ ಮೇಲೆ ಧೂಳು ಕೂತಿರಬೇಕು, ಒರೆಸಿ" ಎಂದು ಹೇಳಬಹುದು. ಇಷ್ಟಕ್ಕೆ ದೈತ್ಯ ಕಂಪ್ಯೂಟರು ಬೇಕಿಲ್ಲ. ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಸಾಕು. ಕರೆಂಟು ಉಳಿಸಲು ತಂದ ಯಂತ್ರವೇ ಊರಿನ ಕರೆಂಟು ತಿಂದುಬಿಟ್ಟರೆ ಏನು ಬಂತು!

ಆದರೆ ಒಂದು ಕಡೆ ಯಂತ್ರ ಸೋಲುತ್ತದೆ. ಅದನ್ನು ಅಜ್ಜಿಯ ಸೋಲಿನ ಕಥೆಯಿಂದಲೇ ಹೇಳಬೇಕು.

ಅಜ್ಜಿ ಹುಟ್ಟಿ ಬೆಳೆದದ್ದು ಮಲೆನಾಡಿನ ಕೊಪ್ಪದ ಕಡೆ. ಅಲ್ಲಿ ಮಳೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ, ಬರುವುದು ಪಡುವಣದ ಕಡಲಿನಿಂದ. ದೀಪಾವಳಿ ಕಳೆದರೆ ಆಕಾಶ ತೊಳೆದಿಟ್ಟ ಹಾಗೆ. ಪೆರಂಬೂರಿಗೆ ಬಂದ ಮೊದಲ ವರ್ಷ ದೀಪಾವಳಿ ಮುಗಿದ ಮೇಲೆ ಅಜ್ಜಿ ಎರಡು ಕಿಲೋ ಮೆಣಸು ತರಿಸಿದರು. ತಾರಸಿಯಲ್ಲಿ ನಿಂತು ಪಡುವಣಕ್ಕೆ ನೋಡಿದರು. ತಿಳಿಯಾಗಿತ್ತು. ಹರವಿದರು. ಮಳೆ ಬೆನ್ನ ಹಿಂದಿನಿಂದ, ಮೂಡಣದ ಸಮುದ್ರದಿಂದ ಬಂತು. ಬಂದದ್ದು ನಾಲ್ಕು ದಿನ ಬಿಡಲಿಲ್ಲ. ಚೆನ್ನೈಗೆ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದ್ದು. ಅಜ್ಜಿಯ ಎಷ್ಟೋ ವರ್ಷದ ಅಂಕಗಳು ಕೊಪ್ಪದಲ್ಲಿ ಕಲಿತವು, ಪೆರಂಬೂರಿನಲ್ಲಿ ತಲೆಕೆಳಗಾದವು. ಪುಟ್ಟಿಯ ನೋಟ್‌ಬುಕ್ಕನ್ನೂ ನವೆಂಬರಿನಲ್ಲಿ ನಂಬಿದರೆ ಇದೇ ಗತಿ. ಅದು ಜುಲೈ ಬಿಟ್ಟು ಬೇರೇನೂ ಕಂಡಿಲ್ಲ.

ಯುರೋಪಿನ ಹಳ್ಳಿಯಲ್ಲಿ ಕಲಿತ ಯಂತ್ರವನ್ನು ತಂದು ಆಫ್ರಿಕಾದ ಹಳ್ಳಿಯಲ್ಲೋ ನಮ್ಮ ಕಾಡಂಚಿನಲ್ಲೋ ಇಟ್ಟರೂ ಹೀಗೇ ಆಗುತ್ತದೆ. ಬಡ ಊರುಗಳ ಕಷ್ಟ ಇನ್ನೊಂದಿದೆ: ಮೊನ್ನೆ ಮೊನ್ನೆ ಕರೆಂಟು ಬಂದ ಕಡೆ ಹಳೆಯ ಲೆಕ್ಕವೇ ಇರುವುದಿಲ್ಲ. ಏನನ್ನು ನೋಡಿ ಕಲಿಯಬೇಕು? ಅಜ್ಜಿ ಕಂಡುಕೊಂಡ ದಾರಿ ಸುಲಭದ್ದು. ಮಾರನೇ ವರ್ಷ ಪಕ್ಕದ ಮನೆಯ ಅಕ್ಕನನ್ನು ಕೇಳಿದರು. "ಪಾಟಿ, ಮಾಸಿ ಬರಲಿ, ಆಮೇಲೆ ಹಾಕಿ" ಎಂದರು ಆಕೆ. ಪಾಟಿ ಎಂದರೆ ಅಜ್ಜಿ, ಮಾಸಿ ಎಂದರೆ ಫೆಬ್ರುವರಿ ನಡುವಿನಿಂದ ಮಾರ್ಚ್ ನಡುವಿನ ತನಕ ಬರುವ ತಮಿಳು ತಿಂಗಳು. ಯಂತ್ರಗಳಿಗೂ ಈಗ ಹಾಗೇ ಮಾಡಿಸುತ್ತಾರೆ. ಅಂಥದೇ ಬಿಸಿಲು, ಅಂಥದೇ ಬಳಕೆ ಇರುವ ಪಕ್ಕದ ಊರಿನ ಅಂಕಗಳನ್ನು ಎರವಲು ಕೊಟ್ಟು ಶುರು ಮಾಡಿಸಿ, ತನ್ನ ಊರಿನ ತಪ್ಪುಗಳಿಂದ ಮಿಕ್ಕಿದ್ದನ್ನು ಕಲಿಯಲು ಬಿಡುತ್ತಾರೆ. ಊರಲ್ಲಿ ಜಾತ್ರೆಯೋ ಮದುವೆಯೋ ಬಂದರೆ ಯಂತ್ರಕ್ಕೆ ಯಾರಾದರೂ ಮುಂಚೆಯೇ ಹೇಳಬೇಕು. ಲಸಿಕೆಯ ಫ್ರಿಜ್ಜು ಟಿವಿಗಿಂತ ಮುಖ್ಯ ಎಂಬುದನ್ನೂ ಹೇಳಬೇಕು, ಅದಕ್ಕೆ ಎರಡೂ ಬರೀ ವಾಟುಗಳು. ಕರೆಂಟು ಸಾಲದ ದಿನ ಮೊದಲು ಯಾರ ಮನೆಯ ಫ್ಯಾನು ನಿಲ್ಲಬೇಕು ಎಂಬುದನ್ನಂತೂ ಊರಿನವರೇ ಕೂತು ತೀರ್ಮಾನಿಸಬೇಕು. ನನಗೆ ಯಂತ್ರಕ್ಕಿಂತ ಆ ಪಂಚಾಯ್ತಿಯ ಮೇಲೆಯೇ ಕುತೂಹಲ ಜಾಸ್ತಿ.

ಈ ವರ್ಷ ಮಾರ್ಚಿನಲ್ಲಿ ನಾನು ಹೋದಾಗ ಅಜ್ಜಿ ಮೆಣಸು ಹರವಿದ್ದರು. ಪುಟ್ಟಿ ನೋಟ್‌ಬುಕ್ ತೆಗೆದು ಮೋಡ ಇಲ್ಲ, ಗಾಳಿ ಇದೆ, ಇರುವೆ ಇಲ್ಲ ಎಂದು ಗುರುತು ಹಾಕಿ, ಸೊನ್ನೆ ಎಂದು ಬರೆದು, "ಅಜ್ಜಿ, ನೂರಕ್ಕೆ ನೂರು ಸೇಫ್" ಎಂದು ಘೋಷಿಸಿದಳು. ನಾವು ಮೂವರೂ ಕೆಳಗೆ ಊಟಕ್ಕೆ ಹೋದೆವು. ಮೇಲೆ ಬಂದಾಗ ಬಿಸಿಲು ಹಾಗೇ ಇತ್ತು, ಒಂದು ಹನಿ ಮಳೆ ಇಲ್ಲ. ಬಟ್ಟೆಯ ಒಂದು ಮೂಲೆ ಮಾತ್ರ ಖಾಲಿ, ನೀರಿನ ಟ್ಯಾಂಕಿನ ಮೇಲೆ ಒಂದು ಕಾಗೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಟ್‌ಬುಕ್ಕನ್ನು ತಿರುವಿ ನೋಡಿದರು. "ಇದ್ರಲ್ಲಿ ಕಾಗೆ ಎಲ್ಲಿದೆ ಪುಟ್ಟೀ?"

ಪುಟ್ಟಿ ಪೆನ್ಸಿಲ್ ತೆಗೆದುಕೊಂಡು ನಾಲ್ಕನೆಯ ಗೆರೆ ಎಳೆದಳು. ಕಾಗೆ: 5.